ದರ್ಜಿ ಬದಲಿಸಿದ ಸ್ವಿಚ್ಚು

“ಗುರುಗಳೇ, ದೀಪಾವಳಿಯಿಂದ ಈಚೆಗೆ ನಾನು ಮನೆಯಲ್ಲಿ ಒಮ್ಮೆಯೂ ದನಿ ಎತ್ತಿಲ್ಲ. ಕೋಪ ಬಂದರೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಆದರೂ ನಾನು ಒಳಗೆ ಕಾಲಿಟ್ಟರೆ ಮಕ್ಕಳು ಎದ್ದು ಹೋಗುತ್ತಾರೆ. ಇನ್ನೂ ಏಕೆ ಹೆದರುತ್ತಾರೆ?” ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಮೆಷಿನ್ ತುಳಿಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ಇಬ್ಬರಿಗೂ ಒಂದೇ ದೀಪ. ಒಂದು ದಿನ ಅದರ ಸ್ವಿಚ್ಚು ಕಿಡಿ ಹಾರಿಸಿ ಸುಟ್ಟುಹೋಯಿತು. ಇಷ್ಟಕ್ಕೆ ಇನ್ನೊಬ್ಬರನ್ನೇಕೆ ಕರೆಯಬೇಕು ಎಂದುಕೊಂಡು ದರ್ಜಿ ಹೊಸ ಸ್ವಿಚ್ಚು ತಂದ.

ಮೈನ್ ಆರಿಸಿ ಬೋರ್ಡ್ ಬಿಚ್ಚಿದ. ಒಳಗೆ ನಾಲ್ಕು ವೈರುಗಳಿದ್ದವು. ಎರಡು ಮೈನಿನಿಂದ ಬರುವವು, ಎರಡು ದೀಪಕ್ಕೆ ಹೋಗುವವು. ಬರುವ ಎರಡರಲ್ಲಿ ಒಂದು ಕರೆಂಟು ತರುವ ಫೇಸ್, ಇನ್ನೊಂದು ಅದು ಮರಳಿ ಹೋಗುವ ನ್ಯೂಟ್ರಲ್. ಹಳೆಯ ವೈರಿಂಗ್, ಎಲ್ಲವೂ ಮಾಸಿ ಒಂದೇ ಬಣ್ಣವಾಗಿದ್ದವು. ದರ್ಜಿ ಗುರುತು ಮಾಡಿಕೊಳ್ಳದೆ ಎಲ್ಲವನ್ನೂ ಒಮ್ಮೆಗೇ ಕಿತ್ತ. ಮತ್ತೆ ಜೋಡಿಸುವಾಗ ಸ್ವಿಚ್ಚಿಗೆ ನ್ಯೂಟ್ರಲ್ ಕೊಟ್ಟ; ಫೇಸನ್ನು ನೇರವಾಗಿ ದೀಪಕ್ಕೆ ಸೇರಿಸಿದ.

ಸ್ವಿಚ್ಚು ಒತ್ತಿದರೆ ದೀಪ ಹತ್ತಿತು. ಮತ್ತೆ ಒತ್ತಿದರೆ ಆರಿತು. ಅವನಿಗೆ ತನ್ನ ಕೈಕೆಲಸದ ಮೇಲೆ ಹೆಮ್ಮೆಯಾಯಿತು.

ಕೆಲವು ವಾರ ಕಳೆದವು. ಬೆಳಕು ಸಾಲದೆ ಹೆಂಡತಿಗೆ ಸೂಜಿ ಪೋಣಿಸುವುದು ಕಷ್ಟವಾಯಿತು. ದೊಡ್ಡ ಬಲ್ಬ್ ಹಾಕಲು ಅವಳು ಸ್ಟೂಲ್ ಹತ್ತಿದಳು.

“ಆರಿಸಿದ್ದೀರಾ?” ಎಂದಳು.

“ಆರಿಸಿದೆ ನೋಡು. ಧೈರ್ಯವಾಗಿ ತೆಗೆ” ಎಂದ ದರ್ಜಿ.

ದೀಪ ಆರಿತ್ತು. ಅವಳು ಹಳೆಯ ಬಲ್ಬ್ ಬಿಚ್ಚಿದಳು. ಹೊಸದನ್ನು ಕೂರಿಸುವಾಗ ಬೆರಳು ಹೋಲ್ಡರಿನ ಒಳಗೆ ತಗುಲಿತು. ಕರೆಂಟು ಹೊಡೆದು ಅವಳು ಸ್ಟೂಲಿನಿಂದ ಕೆಳಗೆ ಬಿದ್ದಳು. ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಅವಳು, “ಆರಿಸಿದೆ ಅಂದಿರಲ್ಲ” ಎಂದಳು. ದರ್ಜಿಗೆ ಸಿಟ್ಟು ಬಂತು. “ಆರಿಸಿಯೇ ಇದ್ದೆ. ನೀನೂ ನೋಡಿದೆಯಲ್ಲ” ಎಂದ.

ಮನೆಗೆ ಬಂದು ಅವನು ತನ್ನ ಮಾತೇ ಸರಿ ಎಂದು ತೋರಿಸಲು ಸ್ಟೂಲ್ ಹತ್ತಿದ. ಸ್ವಿಚ್ಚು ಆರಿಸಿಯೇ ಇತ್ತು. ಹೋಲ್ಡರಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಉರಿಯಿತು. ಇಳಿದು ಸ್ವಿಚ್ಚನ್ನು ನೋಡಿದ, ಮತ್ತೆ ಹತ್ತಿ ಇಟ್ಟ. ಮತ್ತೆ ಉರಿಯಿತು. ಆಗ ಅವನಿಗೆ ಅರ್ಥವಾಯಿತು. ಸ್ವಿಚ್ಚು ಕಡಿಯುತ್ತಿದ್ದದ್ದು ಕರೆಂಟು ಮರಳಿ ಹೋಗುವ ದಾರಿಯನ್ನು ಮಾತ್ರ. ಬರುವ ದಾರಿ ತೆರೆದೇ ಇತ್ತು. ದೀಪ ಆರಿದ ಪ್ರತಿ ಸಲವೂ ಕರೆಂಟು ಹೋಲ್ಡರಿನವರೆಗೆ ಬಂದು ನಿಂತಿರುತ್ತಿತ್ತು. ಅವನು ಸ್ಟೂಲಿನಿಂದ ಇಳಿದ.

ಮೈನ್ ಆರಿಸಿ ಫೇಸನ್ನು ಸ್ವಿಚ್ಚಿಗೆ ಕೊಟ್ಟ. ನ್ಯೂಟ್ರಲನ್ನು ದೀಪಕ್ಕೆ ಸೇರಿಸಿದ. ಈಗಲೂ ದೀಪ ಮೊದಲಿನಂತೆಯೇ ಹತ್ತಿತು, ಮೊದಲಿನಂತೆಯೇ ಆರಿತು. ಆದರೆ ಆರಿಸಿದ ಮೇಲೆ ಟೆಸ್ಟರ್ ಉರಿಯಲಿಲ್ಲ. ಹೆಂಡತಿಯ ಮುಂದೆ ಕೂತು, “ತಪ್ಪು ನನ್ನದೇ” ಎಂದು ನಡೆದದ್ದನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡಳು. ಕೈ ಕೂಡಿದ ಮೇಲೆ ಮತ್ತೆ ಕಾಜಾ ಮಾಡಲು ಕೂತಳು. ಹೋಲ್ಡರಿನ ಹತ್ತಿರ ಮಾತ್ರ ಬಹಳ ಕಾಲ ಕೈ ಒಯ್ಯಲಿಲ್ಲ.

ಕತೆ ಮುಗಿಯಿತು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ದರ್ಜಿ ಬೇಕೆಂದು ಮಾಡಲಿಲ್ಲವಲ್ಲ. ದೀಪ ಆರಿದ್ದು ಅವನ ಕಣ್ಣಿಗೇ ಕಂಡಿತ್ತು” ಎಂದ.

ಗುರುಗಳು ಹೇಳಿದರು: “ಅವನು ದೀಪವನ್ನು ನೋಡಿದ, ಅವಳು ಕರೆಂಟನ್ನು ಮುಟ್ಟಿದಳು.”