ಅಳದ ಮಗುವಿನ ಕಿವಿ

"ಗುರುಗಳೇ, ಈ ವರ್ಷ ನಾನು ಏನು ಗುರಿ ಇಟ್ಟುಕೊಳ್ಳಲಿ?" ಎಂದು ಶಸ್ತ್ರವೈದ್ಯರೊಬ್ಬರ ಬಳಿ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಅವನ ಜೊತೆಗೆ ಕಲಿಯಲು ಸೇರಿದವನು ಆಗಲೇ ರೋಗಿಯೊಬ್ಬನ ಕುರು ಕೊಯ್ದು ಸೈ ಎನ್ನಿಸಿಕೊಂಡಿದ್ದ. ತಾನಿನ್ನೂ ಅಭ್ಯಾಸಕ್ಕೆಂದು ಸೋರೆಕಾಯಿ ಕೊಯ್ಯುವುದರಲ್ಲೇ ಇದ್ದೇನೆ, ಹೀಗೇ ಆದರೆ ಗುರುಗಳು ಗಂಟುಮೂಟೆ ಕಟ್ಟಿಸಿ ಊರಿಗೆ ಕಳಿಸಿಬಿಡುತ್ತಾರೆ ಎಂಬ ಭಯದಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಾಳೆ ಅವನ ಸರದಿ. ಬೆನ್ನಿನಲ್ಲಿ ಕುರುವೆದ್ದ ನೇಕಾರನೊಬ್ಬ ಬರುವವನಿದ್ದ.

"ನೀನೇನು ಅಂದುಕೊಂಡಿದ್ದೀ?"

"ಶಸ್ತ್ರ ಹಿಡಿದಾಗ ಕೈ ನಡುಗಬಾರದು. ಹೊಲಿಗೆ ನನ್ನ ಜೊತೆಯವನಿಗಿಂತ ಬೇಗ ಮುಗಿಯಬೇಕು. ನೀವು ಪಕ್ಕದಲ್ಲಿ ನಿಲ್ಲದೆಯೇ ನಾನೊಬ್ಬನೇ ಮಾಡಬೇಕು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಕ್ಕಸಾಲಿಗನಿದ್ದ. ಊರ ಮಕ್ಕಳಿಗೆಲ್ಲ ಕಿವಿ ಚುಚ್ಚುವವನು ಅವನೇ. ಅವನ ಬಳಿ ಒಬ್ಬ ಕೆಲಸ ಕಲಿಯುತ್ತಿದ್ದ. ಈ ಕೆಲಸದಲ್ಲಿ ಕಷ್ಟವಿರುವುದು ಮೊದಲನೇ ಕಿವಿಯಲ್ಲಲ್ಲ, ಎರಡನೆಯದರಲ್ಲಿ. ಮೊದಲನೆಯದಕ್ಕೆ ಮಗು ಏನೂ ಅರಿಯದೆ ಕೂತಿರುತ್ತದೆ. ಎರಡನೆಯದರ ಹೊತ್ತಿಗೆ ನೋವು ಗೊತ್ತಾಗಿ ಕೊಸರಾಡುತ್ತದೆ. ಅಕ್ಕಸಾಲಿಗನದು ನಿಧಾನದ ಕೈ. ಮಗುವನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಎರಡೂ ಕಿವಿಗೆ ಕಾಡಿಗೆಯ ಚುಕ್ಕಿಯಿಟ್ಟು, ಎರಡೂ ಸಮನಾಗಿವೆಯೇ ಎಂದು ಎದುರಿಗೆ ಕೂತು ನೋಡಿ, ಒರೆಸಿ, ಮತ್ತೆ ಇಡುತ್ತಿದ್ದ. ಅವನು ಚುಚ್ಚಿದರೆ ಮಕ್ಕಳು ಸೂರು ಹಾರಿಹೋಗುವಂತೆ ಅಳುತ್ತಿದ್ದವು.

ಕಲಿಯುವವನು ಒಂದು ಗುರಿ ಇಟ್ಟುಕೊಂಡ. ಮಗು ಅಳಲು ಉಸಿರೆಳೆದುಕೊಳ್ಳುವುದರೊಳಗೆ ಎರಡೂ ಕಿವಿ ಮುಗಿಯಬೇಕು. ಬದನೆಕಾಯಿ ಚುಚ್ಚಿ ಚುಚ್ಚಿ ಕೈ ಪಳಗಿಸಿದ. ಎಲ್ಲಿ ತಪ್ಪೀತೋ ಎಂಬ ಆತಂಕದಲ್ಲಿ ಉಣ್ಣುವಾಗಲೂ ಬೆರಳು ಆಡಿಸುತ್ತಿದ್ದ. ಪಾಪ, ಮನೆಯವರಿಗೆ ಅವನಿಗೇನೋ ಗಾಳಿ ಸೋಕಿದೆ ಎಂದೇ ಅನ್ನಿಸಿತ್ತು.

ಅಕ್ಕಸಾಲಿಗ ಊರಲ್ಲಿಲ್ಲದ ದಿನ ಒಬ್ಬ ತಾಯಿ ಮಗಳನ್ನು ಎತ್ತಿಕೊಂಡು ಬಂದಳು. ಕಲಿಯುವವನು ಸೂಜಿ ಎತ್ತಿಕೊಂಡ. ಚುಕ್ಕಿಯಿಡುತ್ತ ಕೂತರೆ ಮಗು ಹುಷಾರಾಗಿಬಿಡುತ್ತದೆಂದು ಅದನ್ನು ಬಿಟ್ಟ. ಮಗು ಮುಖ ವಾರೆ ಮಾಡಿದ್ದನ್ನು ನೋಡಲಿಲ್ಲ. ಅದು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕಿವಿ ಮುಗಿದು, ತಾಯಿ ಬಾಯಿಗೆ ಬೆಲ್ಲವಿಟ್ಟಿದ್ದಳು. ಮಗು ಅಳಲೇ ಇಲ್ಲ. ಬೀದಿಗೆ ಬೀದಿಯೇ ಭೇಷ್ ಎಂದಿತು.

ಬಾವು ಇಳಿದು ಓಲೆ ಹಾಕಿದ ಮೇಲೆ ಆ ತಾಯಿ ಮತ್ತೆ ಬಂದಳು. ಒಂದು ಓಲೆ ಮೇಲಿತ್ತು. ಇನ್ನೊಂದು ಅಂಚಿನಲ್ಲಿ ಜೋತು, ಕಿವಿ ಹರಿಯತೊಡಗಿತ್ತು.

"ಅಳಿಸದೆ ಚುಚ್ಚಿದೆ ಅಂತ ಊರೆಲ್ಲ ನಿನ್ನ ಹೊಗಳ್ತಿದೆಯಪ್ಪ," ಎಂದಳು. "ಇವಳು ಜೀವಮಾನವೆಲ್ಲ ಇದೇ ಕಿವಿ ಇಟ್ಕೊಂಡು ಬಾಳಬೇಕಲ್ಲ, ಅದಕ್ಕೇನು ಮಾಡ್ಲಿ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅವನ ಕೈ ನಡುಗಿತ್ತೇನು, ಗುರುಗಳೇ?"

"ಇಲ್ಲಪ್ಪ, ಒಂದಿಷ್ಟೂ ನಡುಗಲಿಲ್ಲ. ಇಟ್ಟ ಗುರಿಯನ್ನು ಮುಟ್ಟಿದ."

"ಮತ್ತೆ ತಪ್ಪಿದ್ದೆಲ್ಲಿ?"

"ನಿನ್ನ ಗುರಿಗಳನ್ನು ಇನ್ನೊಮ್ಮೆ ಹೇಳು, ಅವುಗಳಲ್ಲಿ ನಾಳೆ ಬರುವ ನೇಕಾರ ಎಲ್ಲಿದ್ದಾನೆ, ಹುಡುಕೋಣ."

ಶಿಷ್ಯ ಬೆರಳು ಮಡಚುತ್ತ ಎಣಿಸಿದ: ನನ್ನ ಕೈ, ನನ್ನ ಹೊಲಿಗೆ, ನಾನೊಬ್ಬನೇ.