ಸೂರಪ್ಪನವರ ಮನೆಯ ತಾಂಬೂಲ

ಹೊಳೆದಂಡೆಯಲ್ಲಿ ಪದ್ಮನಾಭಯ್ಯನವರ ಸಂಗೀತ ಶಾಲೆ. ಅಲ್ಲಿ ಹನ್ನೆರಡು ವರ್ಷ ಕಲಿತ ಜಯತೀರ್ಥ, ಕಲಿತದ್ದನ್ನು ಮಡಿಸಿಟ್ಟು ಸಿನಿಮಾಕ್ಕೆ ಹೋದ. ಏಳು ವರ್ಷ ಗುರುಗಳ ಕಡೆ ತಲೆ ಹಾಕಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಬಂದ. ಕೈಯಲ್ಲಿ ನೂರು ದಿನದ ಫಲಕ. ಗೆದ್ದವನಿಗೆ ಗುರುಗಳ ನೆನಪು ಬಲು ಬೇಗ ಬರುತ್ತದೆ.

ಅವನು ಮಾಡಿದ್ದು ಮುರಾರಿಯಪ್ಪನವರ ಜೀವನದ ಸಿನಿಮಾ. ಮುರಾರಿಯಪ್ಪನವರು ಹಿಂದಿನ ಕಾಲದ ವಾಗ್ಗೇಯಕಾರರು. ಈ ಶಾಲೆಯಲ್ಲಿ ಕಲಿಸುವ ಕೀರ್ತನೆಗಳೆಲ್ಲ ಅವರವೇ. ಕಥೆ, ಮಾತು, ನಿರ್ದೇಶನ ಮೂರೂ ಜಯತೀರ್ಥನದು.

ಅವನು ಜಗುಲಿ ಹತ್ತುವಾಗ ಪಾಠ ಶುರುವಾಗುವುದರಲ್ಲಿತ್ತು. ಶುರುವಿಗೆ ಮೊದಲು ಪರಂಪರೆಯ ಹೆಸರುಗಳನ್ನು ಹೇಳಿ ಕೈಮುಗಿಯುವುದು ಅಲ್ಲಿನ ಪದ್ಧತಿ. ಮುರಾರಿಯಪ್ಪನವರಿಗೆ ನಮಸ್ಕಾರ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಮುಂದಿನ ಹೆಸರು ಅವರ ಶಿಷ್ಯ ಸೂರಪ್ಪನವರದು. ಅಲ್ಲಿಗೆ ಬಂದಾಗ ಅರ್ಧದಷ್ಟು ದನಿಗಳು ಇಳಿದುಹೋದವು. ಯಾರೋ ಕಿಸಕ್ಕನೆ ನಕ್ಕರು.

ಗುರುಗಳು ಅಂದಿನ ಪಾಠ ನಿಲ್ಲಿಸಿ ಎಲ್ಲರನ್ನೂ ಕಳಿಸಿದರು.

ನಗುವಿಗೆ ಕಾರಣ ಜಯತೀರ್ಥನಿಗೆ ಗೊತ್ತಿತ್ತು. ಹಾಡುವವರ ಹೊಟ್ಟೆಗೆ ಸಿಂಧೂರ ಹೋದರೆ ಕಂಠ ಕೆಡುತ್ತದೆ ಎಂಬುದು ಸಂಗೀತಗಾರರ ಮನೆಗಳಲ್ಲಿ ಹಳೆಯ ಭಯ. ಸಿನಿಮಾದಲ್ಲಿ ಸೂರಪ್ಪ ಹೊಟ್ಟೆಕಿಚ್ಚಿನಿಂದ ಸಿಂಧೂರವನ್ನು ವೀಳ್ಯದೆಲೆಗೆ ಸವರಿ, ಮಡಿಸಿ, ಗುರುವಿನ ಕೈಗೆ ಕೊಡುತ್ತಾನೆ. ಹಸಿರು ಎಲೆಯ ಮೇಲೆ ಒಂದು ಕೆಂಪು ಬೆರಳು ನಿಧಾನವಾಗಿ ಜಾರುತ್ತದೆ. ಆ ಒಂದು ಚಿತ್ರಿಕೆಗೆ ಜಯತೀರ್ಥ ಎರಡು ದಿನ ತೆಗೆದುಕೊಂಡಿದ್ದ. ಅದು ಬಂದಾಗ ಇಡೀ ಟಾಕೀಸು ಉಸಿರು ಹಿಡಿಯುತ್ತಿತ್ತು. ಅವನಿಗೆ ಆ ಉಸಿರಿನ ಮೇಲೆ ಬಹಳ ಹೆಮ್ಮೆ.

"ಈ ಸಿಂಧೂರದ ಸಂಗತಿ ನಿನಗೆ ಎಲ್ಲಿ ಸಿಕ್ತು?" ಗುರುಗಳು ಕೇಳಿದರು.

"ಎಲ್ಲೂ ಸಿಗ್ಲಿಲ್ಲ ಗುರುಗಳೇ. ನಾನೇ ಕಟ್ಟಿದ್ದು."

"ಯಾಕೆ?"

ಅವನು ಮುಚ್ಚುಮರೆ ಮಾಡಲಿಲ್ಲ. ಮುರಾರಿಯಪ್ಪನವರ ಬದುಕಿನಲ್ಲಿ ಏನಿತ್ತು ಎಂದು ಕೇಳಿದ. ಎದ್ದರು, ಹಾಡಿದರು, ಪಾಠ ಹೇಳಿದರು. ಗಂಟಲಲ್ಲಿ ಗಡ್ಡೆ ಎದ್ದು ದನಿ ಹೋಯಿತು. ಎಂಟು ವರ್ಷ ಮೂಕರಾಗಿದ್ದು ತೀರಿಕೊಂಡರು. ಇಷ್ಟನ್ನು ಎರಡೂವರೆ ಗಂಟೆ ಯಾರು ಕೂತು ನೋಡುತ್ತಾರೆ? ಗಡ್ಡೆಯ ಮೇಲೆ ಯಾರಿಗೂ ಕೋಪ ಬರುವುದಿಲ್ಲ. ಕೋಪ ಬರಲು ಒಬ್ಬ ಮನುಷ್ಯ ಬೇಕಿತ್ತು.

"ಬೇರೆ ಹೆಸರು ಇರ್ಲಿಲ್ವೆ?"

"ಹನ್ನೆರಡು ವರ್ಷ ದಿನಾ ಬೆಳಗ್ಗೆ ಹೇಳಿದ ಹೆಸರು. ಬರೆಯೋವಾಗ ತಾನಾಗೇ ಬಂತು."

ಆಮೇಲೆ ತಡವರಿಸುತ್ತ ಇನ್ನೊಂದು ಮಾತು ಸೇರಿಸಿದ. ಪಾತ್ರಗಳು ಕಾಲ್ಪನಿಕ ಎಂದು ಚಿತ್ರದ ಮೊದಲಿಗೇ ಹಾಕಿದ್ದೇವೆ ಎಂದ. ಗುರುಗಳು ತಲೆಯಾಡಿಸಿದರು. ಹೌದು, ನೋಡಿದೆ, ಆಗ ಜನ ಕುರ್ಚಿ ಹುಡುಕುತ್ತಿದ್ದರು ಎಂದರು.

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಗುರುಗಳು ಬೈಯಲಿಲ್ಲ. ಶಲ್ಯ ಹೊದ್ದು ಎದ್ದು ನಿಂತರು.

"ಬಾ, ಒಂದು ಮನೆಗೆ ಹೋಗಿ ಬರೋಣ. ಫಲಕ ಇಲ್ಲೇ ಇರ್ಲಿ."

ದೋಣಿಯಲ್ಲಿ ಗುರುಗಳು ಹಳೆಯ ಸಂಗತಿ ತೆಗೆದರು. ದನಿ ಹೋದ ಮೇಲೂ ಮುರಾರಿಯಪ್ಪನವರ ಒಳಗೆ ಹಾಡು ಹುಟ್ಟುವುದು ನಿಲ್ಲಲಿಲ್ಲ. ಸೂರಪ್ಪನವರು ಗುರುವಿನ ತುಟಿಗೆ ಕಿವಿ ಹಚ್ಚಿ ಕೂರುತ್ತಿದ್ದರು. ಗುರು ಶಿಷ್ಯನ ಅಂಗೈಯಲ್ಲಿ ತಾಳ ತಟ್ಟುತ್ತಿದ್ದರು. ಒಂದು ಚರಣ ಬರೆದುಕೊಳ್ಳಲು ಕೆಲವೊಮ್ಮೆ ತಿಂಗಳು ಹಿಡಿಯುತ್ತಿತ್ತು. ಆ ಎಂಟು ವರ್ಷದ ಕೀರ್ತನೆಗಳೇ ಇಂದು ಎಲ್ಲರ ಬಾಯಲ್ಲಿರುವುದು. ಗುರುವಿಗಿಲ್ಲದ ದನಿ ತನಗೇಕೆಂದು ಸೂರಪ್ಪನವರು ಮತ್ತೆ ಸಭೆಯಲ್ಲಿ ಹಾಡಲೇ ಇಲ್ಲ.

ಇದು ಜಯತೀರ್ಥನಿಗೆ ಗೊತ್ತಿಲ್ಲದ್ದಲ್ಲ. ಕಲಿಯುವಾಗ ಇದೇ ಬಾಯಿಂದ ಕೇಳಿ ಕಣ್ಣು ಒರೆಸಿಕೊಂಡಿದ್ದ. ಚಿತ್ರಕಥೆಗೆ ಕೂತಾಗ ಅದು ಸಪ್ಪೆಯಾಗಿ ಕಂಡಿತು, ಬಿಟ್ಟ.

ಆಚೆ ದಡದ ಮನೆ ಸೂರಪ್ಪನವರ ವಂಶದ್ದು. ಈಗ ಅಲ್ಲಿರುವುದು ಐದನೆಯ ತಲೆಯ ತಿಮ್ಮಪ್ಪಯ್ಯ, ಅವರ ಹೆಂಡತಿ ತುಂಗಮ್ಮ, ಮೊಮ್ಮಗಳು ವಾರಿಜ. ಪದ್ಮನಾಭಯ್ಯನವರು ಕಲಿತದ್ದೂ ಈ ಮನೆಯಲ್ಲೇ, ತಿಮ್ಮಪ್ಪಯ್ಯನವರ ತಂದೆಯ ಹತ್ತಿರ.

ಪಡಸಾಲೆಯಲ್ಲಿ ನಾಲ್ಕು ತಂಬೂರಿಗಳು ಬಟ್ಟೆ ಹೊದ್ದು ಗೋಡೆಗೆ ಒರಗಿದ್ದವು. ತಿಮ್ಮಪ್ಪಯ್ಯನವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಂದವರು ಯಾರೆಂದು ತಿರುಗಿ ನೋಡಲಿಲ್ಲ.

ಇವನು ನನ್ನ ಹಳೆಯ ಶಿಷ್ಯ ಎಂದಷ್ಟೇ ಗುರುಗಳು ಪರಿಚಯ ಮಾಡಿದರು. ತುಂಗಮ್ಮ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಕೂತರು. ಬಹಳ ದಿನದಿಂದ ಆ ಮನೆಗೆ ಯಾರೂ ಬಂದಿರಲಿಲ್ಲ, ಹಾಗಾಗಿ ಮಾತು ತಾನಾಗೇ ಹರಿಯಿತು.

ವಾರಿಜಳ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಇದೇ ಚಾಪೆಯ ಮೇಲೆ ಕೂತಿದ್ದರಂತೆ. ಸಿನಿಮಾ ಬಂದು ಆಗ ಎರಡು ವಾರ. ನಿಶ್ಚಯವೆಂದರೆ ತಾಂಬೂಲ ಬದಲಾಯಿಸುವುದೇ ತಾನೆ. ತುಂಗಮ್ಮ ತಟ್ಟೆ ಮುಂದಿಟ್ಟರು. ಗಂಡಿನ ಸೋದರಮಾವ ತಮಾಷೆಗೆ, ಸಿಂಧೂರ ಇಲ್ಲ ತಾನೆ ಎಂದ. ಎಲ್ಲರೂ ನಕ್ಕರು, ತುಂಗಮ್ಮನೂ ನಕ್ಕರು. ನಗು ಮುಗಿಯಿತು, ಯಾರೂ ತಟ್ಟೆಗೆ ಕೈ ಚಾಚಲಿಲ್ಲ. ಮುಂದಿನ ವಾರ ತಿಳಿಸುತ್ತೇವೆ ಎಂದು ಎದ್ದುಹೋದರು.

ಎರಡನೆಯ ಸಂಬಂಧದವರು ಬಾಗಿಲಿನ ತನಕವೂ ಬರಲಿಲ್ಲ. ಪಾಠಕ್ಕೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ತಿಮ್ಮಪ್ಪಯ್ಯನವರು ಹಾಡು ಬಿಟ್ಟರು, ಆಮೇಲೆ ಮಾತನ್ನೂ ಬಿಟ್ಟರು. ವಾರಿಜ ದೇವಸ್ಥಾನಕ್ಕೂ ಹೋಗುವುದಿಲ್ಲ.

"ಯಾರೋ ಪುಣ್ಯಾತ್ಮ ಕಥೆ ಕಟ್ಟಿದ. ನಾವು ಅವನಿಗೇನು ಮಾಡಿದ್ವೋ ಗೊತ್ತಿಲ್ಲ," ಎಂದರು ತುಂಗಮ್ಮ.

ಆ ಪುಣ್ಯಾತ್ಮ ನಾನೇ ಎಂದು ಹೇಳಿಬಿಡಬೇಕೆಂದು ಜಯತೀರ್ಥ ಬಾಯಿ ತೆರೆದ. ತಿಮ್ಮಪ್ಪಯ್ಯನವರ ಬೆನ್ನು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡ. ಕ್ಯಾಮೆರಾ ಹಿಂದೆ ಹುಲಿಯಾಗಿದ್ದವನು ಆ ಚಾಪೆಯ ಮೇಲೆ ಇಲಿಯಾದ.

ಹೊರಡಲು ಎದ್ದಾಗ ತುಂಗಮ್ಮ ಒಂದು ಕ್ಷಣ ಹಿಂದೆ ಮುಂದೆ ನೋಡಿ, ಒಳಗೆ ಹೋಗಿ ತಟ್ಟೆ ತಂದರು. ಮನೆಗೆ ಬಂದವರನ್ನು ತಾಂಬೂಲ ಕೊಡದೆ ಕಳಿಸಿ ಅವರಿಗೆ ಗೊತ್ತಿರಲಿಲ್ಲ. ಶುಕ್ರವಾರದ ಪೂಜೆ ಮುಗಿಸಿದ ಕೈ. ಅದೇ ಕೈಯಿಂದ ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿದರು.

ಗುರುಗಳು ತಗೊಂಡು ಹಾಗೇ ಬಾಯಿಗೆ ಹಾಕಿಕೊಂಡರು.

ಜಯತೀರ್ಥನೂ ತಗೊಂಡ. ಬಾಯಿಯ ಹತ್ತಿರ ತಂದ. ಎಲೆಯ ಅಂಚಿನಲ್ಲಿ ಕೆಂಪಗೆ ಒಂದು ಬೆರಳಿನ ಗುರುತಿತ್ತು.

ಅದು ಕುಂಕುಮ. ದೇವರ ಮುಂದಿನ ಕುಂಕುಮ. ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಆದರೆ ಕೈ ನಿಂತುಬಿಟ್ಟಿತು.

ಒಂದು ಉಸಿರಿನಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ. ತುಂಗಮ್ಮ ಅದನ್ನು ಕಂಡರು. ಮೂರು ತಿಂಗಳಿಂದ ಅವರು ಜನರ ಕೈಗಳನ್ನೇ ನೋಡುತ್ತಿದ್ದರು.

"ಬೇಡ ಅನ್ಸಿದ್ರೆ ಇಟ್ಬಿಡಪ್ಪ," ಎಂದರು. "ಬೇಜಾರಿಲ್ಲ. ನಮಗೆ ರೂಢಿಯಾಗಿದೆ."

ಅವನು ಗಬಕ್ಕನೆ ಬಾಯಿಗೆ ತುರುಕಿಕೊಂಡ. ಅಷ್ಟರಲ್ಲಿ ತುಂಗಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಅವನು ಅಗಿದದ್ದನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ.

ಇಬ್ಬರೂ ಹೊಳೆಗೆ ಬಂದರು. ದೋಣಿ ಆಚೆ ದಡದಲ್ಲಿತ್ತು, ಕಾಯಬೇಕಿತ್ತು. ಜಯತೀರ್ಥ ಮರಳಿನ ಮೇಲೆ ಕೂತು ಅತ್ತ. ಅತ್ತು ಮುಗಿಸಿ, ಮಾಡಬೇಕಾದ್ದನ್ನೆಲ್ಲ ಹೇಳತೊಡಗಿದ. ಆ ದೃಶ್ಯ ಕತ್ತರಿಸಿ ಹಾಕುತ್ತೇನೆ, ಪೇಪರಿಗೆ ಬರೆಯುತ್ತೇನೆ, ಟಿವಿಯಲ್ಲಿ ಕೂತು ಕೈಮುಗಿಯುತ್ತೇನೆ, ನಾಳೆಯೇ ಬಂದು ಆ ಯಜಮಾನರ ಕಾಲಿಗೆ ಬೀಳುತ್ತೇನೆ ಎಂದ. ಗುರುಗಳು ಎಲ್ಲದಕ್ಕೂ ಹೂಂ ಎಂದರು. ಮಾಡು, ಅದೆಲ್ಲ ಮಾಡಲೇಬೇಕು ಎಂದರು.

ಅವನಿಗೆ ತುಸು ಧೈರ್ಯ ಬಂತು.

"ಸುಳ್ಳು ಅಂತ ನಾನೇ ಹೇಳಿದ್ರೆ ಜನ ನಂಬ್ತಾರೆ, ಅಲ್ವಾ ಗುರುಗಳೇ? ಕಟ್ಟಿದವನೇ ನಾನು."

ಗುರುಗಳು ಬಾಯಲ್ಲಿದ್ದ ತಾಂಬೂಲದ ರಸ ನುಂಗಿ ಅವನ ಕಡೆ ತಿರುಗಿದರು.

"ಅದು ಸುಳ್ಳು ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಆದ್ರೂ ಎಲೆ ಹಿಡಿದ ನಿನ್ನ ಕೈ ಯಾಕೆ ನಿಂತಿತು, ಜಯತೀರ್ಥ?"