ಯುವರಾಜನ ಕಂಪ್ಯೂಟರಿಗೆ ಕೇಬಲ್ ಹಾಕಿದ ಕೈ

"ಕೇಳ್ರಪ್ಪೋ ಕೇಳಿ! ಯುವರಾಜ ಚೆನ್ನರಸರು ತೀರಿಕೊಂಡು ಇಂದಿಗೆ ನಲವತ್ತು ದಿನ. ಆಟವಾಡಲೆಂದು ಅವರೇ ಭಾಗ ಆರಿಸಿ ಜೋಡಿಸಿದ ಕಂಪ್ಯೂಟರಿನ ಬಗ್ಗೆ ದೊರೆ ಮಲ್ಲರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ, ಯುವರಾಜರಿಗೆ ಹಳೆಯ ಗ್ರಾಫಿಕ್ಸ್ ಕಾರ್ಡು ಮಾರಿ ಮೋಸ ಮಾಡಿ ಸೆರೆಯಲ್ಲಿರುವ ಗುಜರಿ ಹೊನ್ನಮ್ಮನ ತಲೆಯೂ ಅಂದೇ ಹೋಗುತ್ತದೆ!"

ಡಂಗುರ ಗುಜರಿ ಅಂಗಡಿಯ ಮುಂದೆ ಹಾದುಹೋದಾಗ ಹೊನ್ನಮ್ಮನ ತಮ್ಮ ಚೌಡಪ್ಪ ಹಳೆಯ ಕಂಪ್ಯೂಟರೊಂದರ ಸ್ಕ್ರೂ ಬಿಚ್ಚುತ್ತಿದ್ದ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದ್ದು, ಬೈದು ಉಣಿಸಿದ್ದು ಆ ಅಕ್ಕನೇ. ಅವನು ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅರಮನೆಯ ಕಡೆ ನಡೆದ.

ಅವನಿಗಿಂತ ಮೊದಲೇ ಇಬ್ಬರು ಬಂದಿದ್ದರು. ಒಬ್ಬ ಪೇಟೆಯ ಸಾಹುಕಾರ ವಜ್ರಪ್ಪ, ಇನ್ನೊಬ್ಬ ಮಂತ್ರಿಯ ಅಳಿಯ ರುದ್ರಸೇನ. ಅಳಿಯನೆಂಬುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ.

ದೊರೆಯ ಗಡ್ಡ ಬೆಳೆದಿತ್ತು, ಕಣ್ಣು ಒಣಗಿತ್ತು. "ನನ್ನ ಮಗ ಬೊಕ್ಕಸ ಮುಟ್ಟಲಿಲ್ಲ. ಕುದುರೆ ಪಂದ್ಯದಲ್ಲಿ ಗೆದ್ದ ಒಂದು ಚೀಲ ಹಣದಲ್ಲೇ ಎಲ್ಲ ಕೊಂಡ. ಮೊದಲ ಒಗಟು. ಅವಳು ಮನೆಮಂದಿಗೆಲ್ಲ ಬಡಿಸುತ್ತಾಳೆ, ಆಟಕ್ಕೆ ಮಾತ್ರ ಬರುವುದಿಲ್ಲ. ಅವಳನ್ನು ಯಾರೂ ಹೊಗಳುವುದಿಲ್ಲ. ಅವಳು ಹದಗೆಟ್ಟರೆ ಮನೆಯೇ ಸುಟ್ಟುಹೋಗುತ್ತದೆ. ಯಾರವಳು?"

"ಬಣ್ಣದ ದೀಪದ ಫ್ಯಾನು, ಮಹಾಪ್ರಭು!" ಎಂದ ವಜ್ರಪ್ಪ. "ನನ್ನ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ."

"ಹೊಗಳದವಳು ಅಂದೆ ಕಣಯ್ಯ. ಒಳಗೆ ಹಾಕಿ ಇವನನ್ನ."

ರುದ್ರಸೇನ ಬೆವರು ಒರೆಸಿಕೊಂಡು, "ಮದರ್‌ಬೋರ್ಡು. ಹೆಸರಲ್ಲೇ ತಾಯಿ ಇದ್ದಾಳಲ್ಲ ಮಾವನವರೇ... ಅಲ್ಲ, ಮಹಾಪ್ರಭು" ಎಂದ. ಅವನನ್ನೂ ಎಳೆದುಕೊಂಡು ಹೋದರು. ಮಂತ್ರಿ ನೆಲ ನೋಡುತ್ತ ನಿಂತಿದ್ದ.

"ನೀನ್ಯಾರೋ?"

"ಹೊನ್ನಮ್ಮನ ತಮ್ಮ, ಬುದ್ಧಿ. ಉತ್ತರ ಪವರ್ ಸಪ್ಲೈ ಡಬ್ಬಿ. ಎಲ್ಲ ಭಾಗಕ್ಕೂ ಕರೆಂಟು ಹಂಚುವುದು ಅದೇ. ಹಣ ಕಡಿಮೆ ಇದ್ದವರು ಮೊದಲು ಅದರಲ್ಲೇ ಉಳಿಸಲು ಹೋಗುತ್ತಾರೆ. ಸುಟ್ಟುಹೋದ ಕಂಪ್ಯೂಟರು ನಮ್ಮ ಗುಜರಿಗೆ ಬರುವುದು ಬಹಳ ಸಲ ಹಾಗೆಯೇ. ಯುವರಾಜರು ಒಳ್ಳೆಯದನ್ನೇ ಕೊಂಡಿರಬೇಕು."

"ಹೌದು, ಒಳ್ಳೆಯದನ್ನೇ ಕೊಂಡ" ಎಂದ ದೊರೆ. "ಎರಡನೆಯದು. ಒಂದೇ ಮನೆಯಲ್ಲಿ ಇಬ್ಬರು. ಒಬ್ಬ ಲೆಕ್ಕ ಹಾಕುತ್ತಾನೆ, ಒಬ್ಬ ಚಿತ್ರ ಬರೆಯುತ್ತಾನೆ. ನನ್ನ ಮಗ ಲೆಕ್ಕದವನಿಗೆ ಸಾದಾ ಬಟ್ಟೆ ಕೊಟ್ಟ, ಚಿತ್ರದವನಿಗೆ ಯಾರೋ ಉಟ್ಟು ಬಿಟ್ಟ ಪೀತಾಂಬರ ತಂದ. ಅದು ಜಾಣತನವೋ, ದಡ್ಡತನವೋ?"

"ಜಾಣತನ ಬುದ್ಧಿ. ಲೆಕ್ಕದವನು ಪ್ರೊಸೆಸರು, ಚಿತ್ರದವನು ಗ್ರಾಫಿಕ್ಸ್ ಕಾರ್ಡು. ಎಲ್ಲ ಹಣ ಲೆಕ್ಕದವನಿಗೇ ಸುರಿದರೆ, ಅವನು ಬೇಗ ಮುಗಿಸಿ ಚಿತ್ರದವನ ದಾರಿ ಕಾಯುತ್ತ ಕೂರುತ್ತಾನೆ. ಆಟಕ್ಕೆ ಬೇಕಾದ್ದು ಒಳ್ಳೆಯ ಕಾರ್ಡು. ಹೊಸದಕ್ಕೆ ಹಣ ಸಾಲದಿದ್ದರೆ ನೋಡಿ ಆರಿಸಿದ ಹಳೆಯದು. ಅಕ್ಕ ಅದನ್ನು ಮೂರು ದಿನ ಓಡಿಸಿ ನೋಡಿಯೇ ಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ."

ದೊರೆ ಸಿಂಹಾಸನದಿಂದ ಎದ್ದ. "ಹಾಗಾದರೆ ಮೂರನೆಯದು ಹೇಳು. ಎಲ್ಲ ಭಾಗವೂ ಸರಿ. ಆದರೂ ನನ್ನೆದುರು ಶುರುಮಾಡಿದ ದಿನ ತೆರೆಯ ಮೇಲೆ ಆಟದ ಕುದುರೆ ಕುಂಟಿತು. ಓಡಲೇ ಇಲ್ಲ. ನಾನು ಮಗನಿಗೆ, ಕಸ ತಂದಿದ್ದೀಯ, ಒಂದು ಕೆಲಸ ನೆಟ್ಟಗೆ ಬರುವುದಿಲ್ಲ ನಿನಗೆ ಅಂದೆ. ಅವನಿಗೆ ಜ್ವರವಿತ್ತು. ನಾಲ್ಕನೆಯ ದಿನ ಹೋಗಿಬಿಟ್ಟ. ತಪ್ಪು ಯಾರದು?"

"ಕಂಪ್ಯೂಟರು ನೋಡಬೇಕು ಬುದ್ಧಿ."

ಯುವರಾಜನ ಕೋಣೆಯಲ್ಲಿ ಹಾಸಿಗೆ ಹಾಗೆಯೇ ಇತ್ತು. ಕಂಪ್ಯೂಟರಿನ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಅಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಚೌಡಪ್ಪ ಬಟ್ಟೆ ಸರಿಸಿ, ಮೊಣಕಾಲೂರಿ, ಹಿಂಬದಿಗೆ ಬಗ್ಗಿ ನೋಡಿದ. ಕೇಬಲ್ಲಿನ ಗುಂಟ ಬೆರಳಾಡಿಸಿ ಕಿಂಡಿಯವರೆಗೂ ಹೋದ.

"ಮಾತಾಡೋ."

"ಮಾನಿಟರಿನ ಕೇಬಲ್ಲು ಮೇಲಿನ ಕಿಂಡಿಯಲ್ಲಿದೆ ಬುದ್ಧಿ. ಅದು ಮದರ್‌ಬೋರ್ಡಿನದು. ಗೇಣು ಕೆಳಗೆ ಕಾರ್ಡಿನ ಕಿಂಡಿಯಿದೆ, ಅದರಲ್ಲಿರಬೇಕಿತ್ತು. ಕಾರ್ಡು ಸುಮ್ಮನೆ ಕೂತಿದೆ, ಪಾಪ. ಚಿತ್ರವನ್ನೂ ಲೆಕ್ಕದವನೇ ಬರೆಯಬೇಕಾಯಿತು, ಅದಕ್ಕೇ ಕುದುರೆ ಕುಂಟಿದ್ದು. ಯಾವ ಭಾಗದ್ದೂ ತಪ್ಪಿಲ್ಲ. ಅಕ್ಕನದೂ ಇಲ್ಲ. ಯುವರಾಜರು..." ಮುಂದಿನ ಮಾತಿಗೆ ತಲೆ ಹೋಗಬಹುದೆಂದು ಅವನಿಗೆ ಗೊತ್ತಿತ್ತು. "ಜ್ವರ ಬಂದವರು ಹಿಂದೆ ಬಗ್ಗಿ ಹಾಕಿರಲಾರರು. ಈ ಕೇಬಲ್ಲು ಹಾಕಿದ್ದು ಯಾರ ಕೈ?"

ದೊರೆ ತನ್ನ ಬಲಗೈ ನೋಡಿಕೊಂಡ.

"ಅಪ್ಪಾಜಿ, ಇದೊಂದು ಸಿಕ್ಕಿಸಿಕೊಡಿ ಅಂದ. ಮೊದಲು ಕಂಡ ಕಿಂಡಿಗೆ ಹಾಕಿದೆ. ನಾನೇ ಹಾಕಿದೆ."

ದೊರೆ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ. "ಅವನಿಗೆ ಗೊತ್ತಿತ್ತೇನೋ? ಗೊತ್ತಿದ್ದೂ ಹೇಳಲಿಲ್ಲವೋ? ಇಲ್ಲಾ ತನ್ನದೇ ತಪ್ಪು ಅಂದುಕೊಂಡು ಹೋದನೋ?"

"ಅದು ನನಗೆ ಬಿಡಿಸೋಕೆ ಆಗಲ್ಲ, ಬುದ್ಧಿ."

"ಸರಿಮಾಡು."

"ನೀವೇ ಹಾಕಿ. ಕೈ ಇಳಿಸಿ. ಇನ್ನೂ ಕೆಳಗೆ. ಹಾಂ, ಅಲ್ಲೇ."

ಕಂಪ್ಯೂಟರು ಶುರುವಾಯಿತು. ಕುದುರೆ ನೀರು ಹರಿದಂತೆ ಓಡಿ ಬಂದು, ಒಂದು ಹೊಳೆಯ ದಂಡೆಯಲ್ಲಿ ನಿಂತು ಬಾಲ ಬೀಸತೊಡಗಿತು.

"ಈಗ ಯಾವ ಗುಂಡಿ ಒತ್ತಬೇಕು?"

"ನಾನು ಬಿಚ್ಚುವವನು ಬುದ್ಧಿ, ಆಡುವವನಲ್ಲ."

ದೊರೆ ಅರ್ಧ ರಾಜ್ಯ ಕೊಡುತ್ತೇನೆಂದ. ಚೌಡಪ್ಪ ಕೇಳಿದ್ದು ಸೆರೆಯಲ್ಲಿದ್ದ ಮೂರು ತಲೆಗಳನ್ನು ಮಾತ್ರ. ಮೂವರನ್ನೂ ಅಂದೇ ಬಿಟ್ಟರು. ಅಕ್ಕತಮ್ಮಂದಿರಿಗೆ ಅರಮನೆಯ ಬಾಗಿಲಲ್ಲೇ ಒಂದು ಅಂಗಡಿ ಸಿಕ್ಕಿತು. ಕಾರ್ಡು ಕೆಟ್ಟಿದೆ ಎಂದು ಯಾರು ಕೂಗಾಡಿಕೊಂಡು ಬಂದರೂ ಹೊನ್ನಮ್ಮ ಮೊದಲು ಕೇಳುವುದು, "ಕೇಬಲ್ ಹಾಕಿದ ಪುಣ್ಯಾತ್ಮ ಯಾರಪ್ಪ?" ಎಂದೇ.

ದೊರೆ ಮಲ್ಲರಸ ದಿನವೂ ಸಂಜೆ ಮಗನ ಕೋಣೆಗೆ ಹೋಗಿ ಕಂಪ್ಯೂಟರು ಹಾಕುತ್ತಾನೆ. ಗುಂಡಿ ಒತ್ತುವುದಿಲ್ಲ. ಕುದುರೆ ಹೊಳೆಯ ದಂಡೆಯಲ್ಲಿ ಬಾಲ ಬೀಸುತ್ತ ಕಾಯುತ್ತದೆ, ಅದರೆದುರು ಅವನೂ ಕೂತಿರುತ್ತಾನೆ.